ಸಹಾಯ ಬೇಕು: ನೀರಿನಿಂದ ಅಂಟಿಕೊಂಡ ಗಾಜುಗಳು ಅಂಚಿನಿಂದ ಎತ್ತಿದಾಗ ಸುಲಭವಾಗಿ ಬಿಡುವುದೇಕೆ?

ಭೌತವಿಜ್ಞಾನ ಬಲ್ಲ ಸದಸ್ಯರಲ್ಲಿ ಒಂದು ವಿನಂತಿ. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಎರಡು ಗಾಜಿನ ತುಂಡುಗಳ ನಡುವೆ ಒಂದೆರಡು ಹನಿ ನೀರು ಹಾಕಿ ಒತ್ತಿದರೆ ಅವನ್ನು ನೇರವಾಗಿ ಎಳೆದು ಬೇರ್ಪಡಿಸುವುದು ಬಹಳ ಕಷ್ಟ. ಅದೇ ಒಂದು ಅಂಚನ್ನು ಹಿಡಿದು ಮೇಲೆತ್ತಿದರೆ ಹೆಚ್ಚು ಶ್ರಮವಿಲ್ಲದೆ ಬಿಡುತ್ತವೆ. (ಪಕ್ಕಕ್ಕೆ ಜಾರಿಸುವುದು ಇನ್ನೂ ಸುಲಭ, ಆದರೆ ಅದು ಬೇರೆಯೇ ವಿಷಯ.)

ನೀರು ಗಾಜನ್ನು ಚೆನ್ನಾಗಿ ಒದ್ದೆ ಮಾಡುವುದರಿಂದ ಅಂಚಿನಲ್ಲಿ ಅದರ ಮೇಲ್ಮೈ ಒಳಕ್ಕೆ ಬಾಗುತ್ತದೆ, ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಮೇಲ್ಮೈ ಸೆಳೆತ (ನೀರಿನ ಮೇಲ್ಮೈಯನ್ನು ಬಿಗಿಯಾಗಿ ಹಿಡಿದಿಡುವ ಬಲ) ಮೀಟರಿಗೆ 0.072 ನ್ಯೂಟನ್, ಗಾಜುಗಳ ನಡುವಿನ ಸಂದಿ 10 ಮೈಕ್ರೋಮೀಟರ್ ಎಂದು ಹಿಡಿದು, ಸೆಳೆತದ ಎರಡರಷ್ಟನ್ನು ಸಂದಿಯಿಂದ ಭಾಗಿಸಿದರೆ ಈ ವ್ಯತ್ಯಾಸ 14,400 ಪಾಸ್ಕಲ್. ಇಡೀ ಗಾಜಿಗೆ 144 ನ್ಯೂಟನ್, ಅಂದರೆ ಸುಮಾರು 15 ಕಿಲೋ ಭಾರ. ಇಲ್ಲಿಯವರೆಗೆ ಗೊಂದಲವಿಲ್ಲ.

ಎದುರಿನ ಅಂಚನ್ನು ಆನಿಕೆಯೆಂದು (ಸನ್ನೆ ತಿರುಗುವ ಆಧಾರವೆಂದು) ಭಾವಿಸಿ ಸನ್ನೆಯ ನಿಯಮ ಹಚ್ಚಿದರೆ, ಪ್ರತಿರೋಧ ಗಾಜಿನ ನಡುವೆ ಇರುವುದರಿಂದ ಬೇಕಾದ ಬಲ ಅರ್ಧಕ್ಕೆ, 72 ನ್ಯೂಟನ್‌ಗೆ ಮಾತ್ರ ಇಳಿಯಬೇಕು. ಕೈಗೆ ಅನುಭವವಾಗುವುದು ಅದಕ್ಕಿಂತ ತೀರ ಕಡಿಮೆ. ಸಂದಿ ಎರಡರಷ್ಟಾದರೆ ಒತ್ತಡದ ವ್ಯತ್ಯಾಸ ಅರ್ಧವಾಗುವುದರಿಂದ, ಗಾಜು ತುಸುವೇ ಬಾಗಿ ಅಂಚು ತೆರೆದುಕೊಂಡೊಡನೆ ಹಿಡಿತ ಸಡಿಲವಾಗುತ್ತದೆ ಎಂಬುದು ನನ್ನ ಊಹೆ. ದಪ್ಪ ಗಾಜು ಬಳಸಿದರೆ ಬಲ 72ರ ಹತ್ತಿರಕ್ಕೆ ಬರಬೇಕೇ? ನಿಧಾನವಾಗಿ ಎತ್ತುವುದಕ್ಕೂ ಥಟ್ಟನೆ ಎತ್ತುವುದಕ್ಕೂ ನೀರಿನ ಸ್ನಿಗ್ಧತೆಯಿಂದ (ಹರಿಯುವಾಗ ಅದು ತೋರುವ ಪ್ರತಿರೋಧದಿಂದ) ಎಷ್ಟು ವ್ಯತ್ಯಾಸ ಬೀಳುತ್ತದೆ? ಒಂಬತ್ತನೆಯ ತರಗತಿಯ ಮಕ್ಕಳೆದುರು ಸ್ಪ್ರಿಂಗ್ ತಕ್ಕಡಿಯಿಂದ ಇದನ್ನು ಅಳೆದು ತೋರಿಸಬೇಕಾಗಿದೆ. ಗಾಜು ಒಡೆಯದಂತೆ ಕೊಕ್ಕೆಯನ್ನು ಅಂಚಿಗೆ ಕೂರಿಸುವ ವಿಧಾನವನ್ನು ಬಲ್ಲವರು ದಯವಿಟ್ಟು ತಿಳಿಸಿ.