ವೆಂಟಿಲೇಟರ್‌ನಲ್ಲಿ ಇರುವಾಗಲೇ ಉಸಿರಾಟದ ಸ್ನಾಯುಗಳಿಗೆ ಟ್ರೈನಿಂಗ್ ಕೊಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಂದೆ ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದಾರೆ, ಇದು ಮೂರನೇ ವಾರ. ಸೋಂಕು ಹತೋಟಿಗೆ ಬಂದಿದೆ. ಕುತ್ತಿಗೆಗೆ ಟ್ರೇಕಿಯಾಸ್ಟಮಿ ಮಾಡಿದ್ದಾರೆ, ಅಂದರೆ ಅಲ್ಲಿ ರಂಧ್ರ ಮಾಡಿ ಉಸಿರಾಟಕ್ಕೆ ಟ್ಯೂಬ್ ಹಾಕಿದ್ದಾರೆ. ಎಚ್ಚರವಾಗಿದ್ದಾರೆ, ಹೇಳಿದ್ದೆಲ್ಲ ಅರ್ಥ ಆಗುತ್ತೆ. ಆದರೆ ವೆಂಟಿಲೇಟರ್ ತೆಗೆದ ಸ್ವಲ್ಪ ಹೊತ್ತಿಗೇ ಏದುಸಿರು ಬರುತ್ತೆ. ಈಗ ಉಸಿರಿನ ಸ್ನಾಯುಗಳಿಗೆ ಟ್ರೈನಿಂಗ್ ಶುರು ಮಾಡೋಣ ಅಂತಿದ್ದಾರೆ. ಸೋತುಹೋದವರನ್ನು ಇನ್ನೂ ದಣಿಸಿದ ಹಾಗಲ್ವಾ?

ಉತ್ತರ (ಐಸಿಯು ಫಿಸಿಯೋಥೆರಪಿಸ್ಟ್): ನಿಮ್ಮ ಭಯ ನ್ಯಾಯವಾದದ್ದೇ. ಆದರೂ ಮಾಡಿಸಿ ಅಂತಲೇ ಹೇಳುತ್ತೇನೆ. ಮೆಷಿನ್ನೇ ಪೂರ್ತಿ ಉಸಿರಾಡಿಸುವಾಗ ವಪೆಗೆ, ಅಂದರೆ ಉಸಿರೆಳೆಯುವ ಮುಖ್ಯ ಸ್ನಾಯುವಾದ ಡಯಾಫ್ರಮ್‌ಗೆ, ಕೆಲಸ ಇರುವುದಿಲ್ಲ. ಪ್ಲಾಸ್ಟರ್ ಹಾಕಿದ ಕಾಲಿನ ಹಾಗೆ ಸೊರಗುತ್ತದೆ, ಅದೂ ಬಹಳ ಬೇಗ. 2008ರ ಒಂದು ಅಧ್ಯಯನದಲ್ಲಿ ವಪೆ 18ರಿಂದ 69 ಗಂಟೆ ಸುಮ್ನೆ ಇದ್ದುದಕ್ಕೇ ಅದರ ನಾರುಗಳು ಅರ್ಧಕ್ಕಿಂತ ಜಾಸ್ತಿ ಕುಗ್ಗಿದ್ದವು.

ಟ್ರೈನಿಂಗ್ ಅಂದರೆ ಗಂಟೆಗಟ್ಟಲೆ ಕಷ್ಟಪಡಿಸುವುದಲ್ಲ. ಟ್ರೇಕಿಯಾಸ್ಟಮಿ ಟ್ಯೂಬಿಗೆ ಸ್ಪ್ರಿಂಗ್ ವಾಲ್ವ್ ಇರುವ ಪುಟ್ಟ ಸಾಧನ ಜೋಡಿಸುತ್ತೇವೆ. ಜೋರಾಗಿ ಉಸಿರೆಳೆದರೆ ಮಾತ್ರ ವಾಲ್ವ್ ತೆರೆಯುತ್ತದೆ. ಆರೆಂಟು ಉಸಿರು ಎಳೆದರೆ ಮತ್ತೆ ವೆಂಟಿಲೇಟರ್ ಹಾಕಿ ವಿಶ್ರಾಂತಿ. ಹೀಗೆ ದಿನಕ್ಕೆ ನಾಲ್ಕೈದು ಸುತ್ತು, ಅಷ್ಟೇ. ಮೊದಲು ಅವರ ಎಳೆಯುವ ಬಲ, ಅಂದರೆ ಎಂಐಪಿ, ಅಳೆಯುತ್ತೇವೆ. ಸಾಮಾನ್ಯವಾಗಿ ಅದರ ಅರ್ಧದಷ್ಟು ಒತ್ತಡ ಇಟ್ಟು ಶುರು ಮಾಡಿ, ಬಲ ಬಂದಂತೆ ಏರಿಸುತ್ತೇವೆ. ಆಕ್ಸಿಜನ್ ಇಳಿದರೆ, ಎದೆಬಡಿತ ಅಥವಾ ಬಿಪಿ ಏರುಪೇರಾದರೆ ತಕ್ಷಣ ನಿಲ್ಲಿಸುತ್ತೇವೆ.

ಅಮೆರಿಕದ ಫ್ಲಾರಿಡಾದಲ್ಲಿ ವೆಂಟಿಲೇಟರ್ ಬಿಡಲಾಗದ 69 ಜನರ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ನಿಜವಾದ ಟ್ರೈನಿಂಗ್ ಪಡೆದವರಲ್ಲಿ 71% ಮಂದಿ ಮೆಷಿನ್ ಬಿಟ್ಟರು. ಹೆಸರಿಗೆ ಮಾತ್ರ ಟ್ರೈನಿಂಗ್ ಪಡೆದವರಲ್ಲಿ 47%. ಚಿಕ್ಕ ಅಧ್ಯಯನ, ಎಲ್ಲರಿಗೂ ಇಷ್ಟೇ ಫಲ ಸಿಗುತ್ತದೆ ಅಂತ ಮಾತು ಕೊಡಲಾರೆ.

ಪ್ರಶ್ನೆ: ಮನೆಯಲ್ಲಿ ಮೂರು ಚೆಂಡಿನ ಸ್ಪೈರೋಮೀಟರ್ ಇದೆ. ಅದನ್ನೇ ತಂದುಕೊಟ್ಟರೆ ಆಗಲ್ವಾ?

ಉತ್ತರ: ಬೇಡ. ಕಫ್, ಅಂದರೆ ಟ್ಯೂಬಿನ ಸುತ್ತ ಶ್ವಾಸನಾಳವನ್ನು ಮುಚ್ಚುವ ಪುಟ್ಟ ಬಲೂನು, ಉಬ್ಬಿಸಿದ ಟ್ಯೂಬ್ ಇರುವಾಗ ಅವರು ಬಾಯಿಂದ ಎಳೆದ ಗಾಳಿ ಶ್ವಾಸಕೋಶಕ್ಕೆ ಹೋಗುವುದೇ ಇಲ್ಲ. ಟ್ಯೂಬ್ ಇಲ್ಲದವರಿಗೂ ಅದು ಶ್ವಾಸಕೋಶ ಹಿಗ್ಗಿಸಲು ಇರುವ ಸಾಧನ. ಸ್ನಾಯುವಿಗೆ ಬೇಕಾದಷ್ಟು ಒತ್ತಡ ಅಳೆದು ಇಡಲು ಅದರಲ್ಲಿ ಬರುವುದಿಲ್ಲ.

ನೀವು ಮಾಡಬಹುದಾದದ್ದು ಬೇರೆ ಇದೆ. ಟ್ರೈನಿಂಗ್ ಹೊತ್ತಿಗೆ ಒಳಗೆ ಬಿಡುವಂತೆ ಕೇಳಿ. "ಅಪ್ಪಾ, ಇನ್ನೊಂದ್ಸಲ ಜೋರಾಗಿ ಎಳಿ" ಅಂತ ನಿಮ್ಮ ದನಿ ಕೇಳಿದರೆ ಎಷ್ಟೋ ಜನ ಇನ್ನಷ್ಟು ಪ್ರಯತ್ನ ಹಾಕುತ್ತಾರೆ. ರಾತ್ರಿ ನಿದ್ದೆ ಆಗುತ್ತಿದೆಯಾ, ಹಗಲು ಮಂಪರು ಬರಿಸುವ ಔಷಧಿ ನಡೆಯುತ್ತಿದೆಯಾ, ಇದನ್ನೂ ಡಾಕ್ಟರ್ ಹತ್ತಿರ ವಿಚಾರಿಸಿ. ಮಂಪರಿನಲ್ಲಿದ್ದರೆ ಈ ಟ್ರೈನಿಂಗ್ ಸಾಧ್ಯವಿಲ್ಲ.