ಗೊರಬಿಗೆ ‘ಬುಟ್ಟಿ’ ಅಂತ ಚೀಟಿ ಅಂಟಿಸಿದ್ದೆವು! ನೋಡಲು ಬರುವವರ ಬಾಯಿ ಬಿಡಿಸುವುದು ಹೇಗೆ?

ಮಲೆನಾಡ ಮೇಷ್ಟ್ರು:
ನಮ್ಮೂರ ಹಳೇ ಶಾಲೆಯ ಒಂದು ಕೋಣೆಯಲ್ಲಿ ಪುಟ್ಟ ಮ್ಯೂಸಿಯಂ ಇದೆ. ಒನಕೆ, ಕಡೆಗೋಲು, ಸೇರು, ಪಾವು, ಹೀಗೆ. ಭಾನುವಾರ ನಾನೇ ಬೀಗ ತೆಗೆಯುತ್ತೇನೆ. ಕಳೆದ ತಿಂಗಳು ಒಬ್ಬರು ಅಜ್ಜಿ ಬಂದವರು ಗೋಡೆ ನೋಡಿ ಬಿದ್ದು ಬಿದ್ದು ನಕ್ಕರು. ನಾವು ಗೊರಬನ್ನು ತಲೆಕೆಳಗಾಗಿ ನೇತುಹಾಕಿ ‘ಬುಟ್ಟಿ’ ಅಂತ ಬರೆದಿದ್ದೆವು! ಅಜ್ಜಿ ಅದನ್ನು ಇಳಿಸಿ, ತಲೆಗೆ ಹಾಕಿಕೊಂಡು, ಬಗ್ಗಿ ತೋರಿಸಿದರು. ಮಳೆಯಲ್ಲಿ ನಾಟಿ ಮಾಡುವಾಗ ಬೆನ್ನು ನೆನೆಯುವುದಿಲ್ಲ, ಎರಡು ಕೈಯೂ ಖಾಲಿ. ಪಕ್ಕದಲ್ಲೇ ‘ಮುಟ್ಟಬೇಡಿ’ ಬೋರ್ಡು. ನಾನು ಸುಮ್ನೆ ನಿಂತಿದ್ದೆ.

ಇಂಥ ಮಾತು ಹಿಡಿದಿಡುವುದು ಹೇಗೆ? ಅಭಿಪ್ರಾಯ ಪುಸ್ತಕದಲ್ಲಿ ಬರೀ ‘ಸೂಪರ್’. ವಾಟ್ಸಾಪ್ ಗುಂಪು ಮಾಡಿದರೆ ದಿನಾ ಬೆಳಿಗ್ಗೆ ಗುಲಾಬಿ ಹೂವು.

ಫೋಟೋ ಹುಚ್ಚ:
‘ಅಭಿಪ್ರಾಯ ಬರೆಯಿರಿ’ ಅಂದರೆ ಸೂಪರ್ ಅಂತಲೇ ಬರೆಯುತ್ತಾರೆ ಮೇಷ್ಟ್ರೇ. ಒಂದು ವಸ್ತು, ಒಂದು ಪ್ರಶ್ನೆ ಇಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರಲ್ಲಿ ಸುಮಾರು 3,000 ಹಳೇ ಫೋಟೋಗಳನ್ನು ಫ್ಲಿಕರ್ ಎಂಬ ಫೋಟೋ ಹಂಚುವ ಜಾಲತಾಣದಲ್ಲಿ ಹಾಕಿತು. ಇದು ಯಾವ ಬೀದಿ, ಇವರು ಯಾರು ಅಂತ ಜನ ಹಳೇ ಪೇಪರ್ ಹುಡುಕಿ ಹೇಳಿದರು. ಸಿಬ್ಬಂದಿ ಅದನ್ನು ಪರೀಕ್ಷಿಸಿ, ಅದೇ ವರ್ಷ 500ಕ್ಕೂ ಜಾಸ್ತಿ ಫೋಟೋಗಳ ವಿವರ ತಿದ್ದಿದರು. ಆ ಪರೀಕ್ಷೆ ಮಾತ್ರ ಬಿಡಬೇಡಿ.

ಹೆಬ್ಬಾಳದವ:
ನಮ್ಮಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ, ಕ್ರಿ.ಶ. 750ರ ಸುಮಾರಿನ ಕಿತ್ತಯ್ಯ ಎಂಬ ವೀರನ ಶಾಸನ ಇದೆ. ನಮ್ಮ ಏರಿಯಾದ ಕಲ್ಲು ಅಂತ ಗೊತ್ತಾದ ಮೇಲೆ ಜನರೇ ಮುಂದೆ ಬಂದು ಮಂಟಪ ಕಟ್ಟಿಸಿದರು. ಬೆಂಗಳೂರಿನ ಶಾಸನಗಳನ್ನು ಮಿಥಿಕ್ ಸೊಸೈಟಿ ಎಂಬ ಇತಿಹಾಸ ಅಧ್ಯಯನ ಸಂಸ್ಥೆಯವರು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ನಾವು ಫೋನಿನಲ್ಲೇ ತಿರುಗಿಸಿ ತಿರುಗಿಸಿ ಅಕ್ಷರ ಓದಬಹುದು. ನಿಮ್ಮ ಅಜ್ಜಿಯಂಥವರಿಗೆ ಟೈಪ್ ಮಾಡಿ ಅನ್ನಬೇಡಿ. ಧ್ವನಿ ಸಂದೇಶ ಕೇಳಿ. ಹೇಳಿದವರ ಹೆಸರು ಹಾಕಬಹುದಾ ಅಂತಲೂ ಕೇಳಿಕೊಳ್ಳಿ.

ಮಲೆನಾಡ ಮೇಷ್ಟ್ರು:
ಮೂರು ವಾರ ಆಯಿತು, ಬಂದು ಹೇಳೋಣ ಅನ್ನಿಸಿತು. ನಮಗೆ ಗುರುತು ಸಿಗದ ಒಂದು ಮರದ ಕೊಕ್ಕೆಯ ಫೋಟೋ ಹಾಕಿ ‘ಇದೇನು?’ ಅಂತ ಮಾತ್ರ ಕೇಳಿದೆ. ಹನ್ನೊಂದು ಧ್ವನಿ ಸಂದೇಶ! ಒಬ್ಬರು ಬಾವಿಗೆ ಬಿದ್ದ ಕೊಡ ಎತ್ತುವುದು ಅಂದರು. ಇನ್ನೊಬ್ಬರು ಅಟ್ಟದಿಂದ ಬಾಳೆಗೊನೆ ತೂಗುಹಾಕಲು ಅಂದರು. ಜಗಳ ಇನ್ನೂ ನಡೆಯುತ್ತಿದೆ. ಎರಡನ್ನೂ ಚೀಟಿಯಲ್ಲಿ ಬರೆದಿದ್ದೇನೆ, ಪೆನ್ಸಿಲಿನಲ್ಲಿ. ಗೊರಬು ಈಗ ಸರಿಯಾಗಿ ನೇತಾಡುತ್ತಿದೆ. ‘ಮುಟ್ಟಬೇಡಿ’ ಬೋರ್ಡನ್ನು ಅಲ್ಲಿಂದ ತೆಗೆದೆ.