ಹಳೆಯ ಗಾಡಿಗಳ ದೋಷಪಟಕ್ಕೆ ‘ಇಂಧನ ಪೂರೈಕೆ ನ್ಯೂನತೆ’ ಎಂಬ ತಲೆಬರಹ ಸಲ್ಲದು

ಮಾನ್ಯರೇ,

ಹಾವೇರಿಯ ಮಿತ್ರರು ನಮ್ಮ ಬಳಗದ ಮುಂದಿಟ್ಟ ಪ್ರಶ್ನೆಗೆ ನಾಳೆ ಬೆಳಿಗ್ಗೆಯೊಳಗೆ ಉತ್ತರ ಬೇಕಾಗಿದೆ, ಏಕೆಂದರೆ ಅವರ ಗೋಡೆಪಟ ಗದಗಿನ ಮುದ್ರಣಾಲಯದಲ್ಲಿ ಅಚ್ಚಿಗೆ ಕಾಯುತ್ತಿದೆ. ಹಳೆಯ ಅಂಬಾಸಿಡರ್, ಪದ್ಮಿನಿ ಕಾರು, ಡೀಸೆಲ್ ಜೀಪು ಮತ್ತು ಟ್ರ್ಯಾಕ್ಟರುಗಳಲ್ಲಿ ಇಂಜಿನ್ನಿಗೆ ಪೆಟ್ರೋಲ್ ಅಥವಾ ಡೀಸೆಲ್ ಸರಿಯಾಗಿ ಬಾರದಿದ್ದಾಗ ದೋಷವನ್ನು ಎಲ್ಲಿ ಹುಡುಕಬೇಕೆಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ ತಿಳಿಸುವ ಪಟವದು. ಅದರ ತಲೆಬರಹಕ್ಕೆ ‘ಇಂಧನ ಪೂರೈಕೆ ನ್ಯೂನತೆ’ ಎಂದು ಬರೆದುಕೊಂಡು, ಸರಿಯೇ ಎಂದು ಅವರು ಕೇಳಿದ್ದಾರೆ. ಈವರೆಗೆ ಬಂದ ಉತ್ತರಗಳಲ್ಲಿ ಒಂದು ‘ಉರುವಲು ಒದಗಿಕೆಯ ಕುಂದು’ ಎನ್ನುತ್ತದೆ. ಇನ್ನೊಂದು, ಇಂಗ್ಲಿಷನ್ನೇ ಕನ್ನಡ ಲಿಪಿಯಲ್ಲಿ ಬರೆದುಬಿಡಿ ಎನ್ನುತ್ತದೆ. ಈ ಮೂರೂ ಬೇಡ.

ಪತ್ರಿಕೆಯಲ್ಲಿ ‘ಇಂಧನ ಪೂರೈಕೆಯಲ್ಲಿ ವ್ಯತ್ಯಯ’ ಎಂಬ ಸಾಲು ಕಂಡರೆ ಟ್ಯಾಂಕರುಗಳು ಬಂದಿಲ್ಲ, ಸಾಲುಗಟ್ಟಿ ನಿಲ್ಲಬೇಕು ಎಂದೇ ಹುಬ್ಬಳ್ಳಿಯ ಓದುಗ ತಿಳಿಯುತ್ತಾನೆ. ನಮ್ಮ ಮುಂದಿರುವುದು ಬೇರೆಯೇ ಸ್ಥಿತಿ: ಟಾಕಿಯಲ್ಲಿ, ಅಂದರೆ ಗಾಡಿಯ ಟ್ಯಾಂಕಿನಲ್ಲಿ, ಬೇಕಾದಷ್ಟು ಪೆಟ್ರೋಲ್ ಇದೆ, ಆದರೆ ಅದು ಗಾಳಿ, ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನವರೆಗೆ ಬರುತ್ತಿಲ್ಲ, ಗಾಡಿ ಏರಿನಲ್ಲಿ ಎಳೆಯದೆ, ಗೊಗ್ಗರಿಸಿ ನಿಲ್ಲುತ್ತದೆ. ಇದಕ್ಕೆ ನಮ್ಮ ಕಡೆ ‘ಪೆಟ್ರೋಲ್ ಮುಟ್ಟವಲ್ದು’ ಎಂಬ ಮಾತು ಸಿದ್ಧವಾಗಿಯೇ ಇದೆ. ಬರಹದಲ್ಲಿ ಅದು ‘ಪೆಟ್ರೋಲ್ ಮುಟ್ಟುತ್ತಿಲ್ಲ’ ಎಂದಾಗುತ್ತದೆ. ಮುಟ್ಟು ಎಂದರೆ ಸ್ಪರ್ಶವಲ್ಲವೇ ಎಂದು ಮೈಸೂರು ಕಡೆಯ ಸದಸ್ಯರು ಆಕ್ಷೇಪಿಸಿದ್ದಾರೆ. ‘ಕಾಗದ ಮುಟ್ಟಿತು’, ‘ಹಣ ಮುಟ್ಟಿದೆ’ ಎಂದು ಬರೆಯುವ ನಾಡಿನಲ್ಲಿ ಈ ಆಕ್ಷೇಪಕ್ಕೆ ಹುರುಳಿಲ್ಲ. ತಲೆಬರಹ ‘ಇಂಜಿನ್ನಿಗೆ ಪೆಟ್ರೋಲ್, ಡೀಸೆಲ್ ಮುಟ್ಟದಿದ್ದರೆ’ ಎಂದಿರಲಿ.

ಉರುವಲನ್ನು ಸೂಚಿಸಿದವರು ಇಂಧನ ಸಂಸ್ಕೃತದ್ದು ಎಂಬ ಒಂದೇ ಕಾರಣ ಕೊಟ್ಟಿದ್ದಾರೆ. ಇಂಧನವು ಹೊತ್ತಿಸು ಎಂಬ ಅರ್ಥದ ‘ಇಂಧ್’ ಧಾತುವಿನಿಂದ ಬಂದದ್ದು, ಉರುವಲು ಉರಿಯಿಂದ ಬಂದದ್ದು. ಎರಡೂ ಮೊದಲಿಗೆ ಬೆಂಕಿಗೆ ಇಡುವ ಕಟ್ಟಿಗೆಯನ್ನೇ ಹೇಳುತ್ತಿದ್ದವು. ಇಂಧನ ಕಟ್ಟಿಗೆಯನ್ನು ಬಿಟ್ಟು ಬಹಳ ಮುಂದೆ ಬಂದಿದೆ, ಉರುವಲು ಇನ್ನೂ ಒಲೆಯ ಬಾಯಲ್ಲಿದೆ. ಇಂಧನಕ್ಕೆ ‘ಎಣ್ಣೆ’ ಎನ್ನಿ ಎಂದವರಿಗೂ ಇದೇ ಉತ್ತರ. ಎಳ್ಳಿನ ನೆಯ್ ಎಣ್ಣೆಯಾಯಿತು, ತಿಲದ್ದು ತೈಲವಾಯಿತು. ಎರಡರ ಮೂಲವೂ ಎಳ್ಳೇ ಆಗಿರುವುದರಿಂದ ಯಾವುದು ಹೆಚ್ಚು ಶುದ್ಧ ಎಂದು ಜಗಳವಾಡುವುದು ವ್ಯರ್ಥ. ಗ್ಯಾರೇಜಿನಲ್ಲಿ ಎಣ್ಣೆ ಎಂದರೆ ಇಂಜಿನ್ ಆಯಿಲ್, ಮನೆಯಲ್ಲಿ ಅಡುಗೆ ಎಣ್ಣೆ ಅಥವಾ ಚಿಮಣಿ ಎಣ್ಣೆ (ಸೀಮೆಎಣ್ಣೆ). ಪಟದಲ್ಲಿ ಪೆಟ್ರೋಲ್ ಎಂದರೆ ಪೆಟ್ರೋಲ್, ಡೀಸೆಲ್ ಎಂದರೆ ಡೀಸೆಲ್ ಎಂದೇ ಇರಬೇಕು. ಎರಡರ ದೋಷಗಳು ಬೇರೆ ಬೇರೆಯಾಗಿರುವುದರಿಂದ ಎರಡನ್ನೂ ಒಂದೇ ಪದದಲ್ಲಿ ಮುಚ್ಚಿಡುವುದೇ ತಪ್ಪು.

ಅವರ ಕರಡಿನಲ್ಲಿ ‘ಪೆಟ್ರೋಲ್ ಪಂಪ್ ಪರೀಕ್ಷಿಸಿ’ ಎಂಬ ಸಾಲು ಇದೆ. ಬೆಂಗಳೂರಿನವರು ಬಂಕ್ ಎನ್ನುವುದನ್ನು ಹುಬ್ಬಳ್ಳಿ-ಧಾರವಾಡದಲ್ಲಿ ನಾವು ಪೆಟ್ರೋಲ್ ಪಂಪ್ ಎನ್ನುತ್ತೇವೆ ಎಂಬುದನ್ನು ಮರೆಯಬಾರದು. ಕರಡು ಹೇಳುತ್ತಿರುವುದು ಇಂಜಿನ್ನಿನ ಪಕ್ಕದಲ್ಲಿ ಕೂತು ಟಾಕಿಯ ಪೆಟ್ರೋಲನ್ನು ಎಳೆಯುವ ಪಂಪನ್ನು. ಅದಕ್ಕೆ ಹಳೆಯ ಮಿಸ್ತ್ರಿಗಳು ‘ಎ.ಸಿ. ಪಂಪ್’ ಎನ್ನುತ್ತಾರೆ, ಮತ್ತು ಹೊಸ ಹುಡುಗರು ಅದನ್ನು ಗಾಡಿ ತಂಪು ಮಾಡುವ ಎ.ಸಿ. ಎಂದುಕೊಳ್ಳುತ್ತಾರೆ. ಆ ಅಕ್ಷರಗಳು ಸ್ಪಾರ್ಕ್ ಪ್ಲಗ್ ತಯಾರಿಸುತ್ತಿದ್ದ ಆಲ್ಬರ್ಟ್ ಚಾಂಪಿಯನ್ ಅವರ ಹೆಸರಿನ ಮೊದಲಕ್ಷರಗಳು. ಆ ಹೆಸರಿನ ಕಂಪನಿ ಪಂಪುಗಳನ್ನೂ ಮಾಡಿದ್ದರಿಂದ, ಯಾರು ಮಾಡಿದ ಪಂಪ್ ಆದರೂ ಅದೇ ಹೆಸರು ನಿಂತುಹೋಯಿತು. ಆದ್ದರಿಂದ ‘ಇಂಜಿನ್ ಪಕ್ಕದ ಎ.ಸಿ. ಪಂಪ್’ ಎಂದು ಬರೆದು, ಪಕ್ಕದಲ್ಲಿ ಚಿತ್ರ ಹಾಕುವುದು ಸೂಕ್ತ.

ಆ ಪಂಪಿನ ಪರೀಕ್ಷೆಯನ್ನು ಕರಡಿನಲ್ಲಿ ‘ಇಂಧನ ಪ್ರವಾಹದ ಪ್ರಮಾಣವನ್ನು ಗಮನಿಸುವುದು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಇಡೀ ಪಟದ ಜೀವಾಳವಾದ ಭಾಗವನ್ನೇ ಹೀಗೆ ಮುಗಿಸಬಾರದು. ಕಾರ್ಬ್ಯುರೇಟರಿಗೆ ಬರುವ ಪೈಪನ್ನು ಬಿಚ್ಚಿ, ತುದಿಯನ್ನು ಬಾಟಲಿಯೊಳಗೆ ಇಟ್ಟು, ಕಿಡಿ ಹುಟ್ಟದಂತೆ ಕಾಯಿಲ್‌ನ ತಂತಿ ತೆಗೆದು, ಸೆಲ್ಫ್ ಹೊಡೆಯಬೇಕು. ಇಂಜಿನ್ನಿನೊಳಗಿನ ಕ್ಯಾಮ್‌ಶಾಫ್ಟ್ ಎಂಬ ದಂಡ ತಿರುಗಿದಂತೆಲ್ಲ ಪಂಪಿನ ತೋಳು ಆಡಿ, ಒಳಗಿನ ಡಯಾಫ್ರಾಮ್ ಎಂಬ ಬಾಗುವ ಪೊರೆ ಟಾಕಿಯಿಂದ ಪೆಟ್ರೋಲನ್ನು ಎಳೆದು ಮುಂದಕ್ಕೆ ತಳ್ಳುತ್ತದೆ. ಪೆಟ್ರೋಲ್ ಚಿಮ್ಮಿ ಚಿಮ್ಮಿ ಬಂದರೆ ಪಂಪ್ ಸರಿಯಾಗಿದೆ. ದೋಷವನ್ನು ಮುಂದೆ, ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುವ ಸೂಜಿ, ಅದನ್ನು ಆಡಿಸುವ ಫ್ಲೋಟ್ ಎಂಬ ತೇಲುಬುರುಡೆ ಮತ್ತು ಜೆಟ್ ಎಂಬ ಸಣ್ಣ ರಂಧ್ರಗಳಲ್ಲಿ ಹುಡುಕಬೇಕು. ಬರೀ ತೊಟ್ಟಿಕ್ಕಿದರೆ ಡಯಾಫ್ರಾಮ್ ಹರಿದಿರಬಹುದು, ಇಲ್ಲವೇ ಪಂಪಿನ ಹಿಂದಿನ ದಾರಿ ಎಲ್ಲೋ ಕಟ್ಟಿರಬಹುದು. ಗುಳ್ಳೆಯೊಡನೆ ಬಂದರೆ ದಾರಿಯಲ್ಲಿ ಗಾಳಿ ಸೇರುತ್ತಿದೆ. ಚಿಮ್ಮುವುದು, ತೊಟ್ಟಿಕ್ಕುವುದು, ಗುಳ್ಳೆ ಬರುವುದು: ಕಣ್ಣಿಗೆ ಕಾಣುವ ಮೂರು ಲಕ್ಷಣಗಳಿಗೆ ಕನ್ನಡ ಮೂರು ಮಾತು ಕೊಟ್ಟಿರುವಾಗ ‘ಪ್ರವಾಹದ ಪ್ರಮಾಣ’ ಎಂಬುದು ಏನನ್ನೂ ಹೇಳುವುದಿಲ್ಲ. ಹತ್ತಿರದಲ್ಲಿ ಬೀಡಿ, ಬೆಂಕಿ ಇರಕೂಡದೆಂಬ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.

ಅದೇ ‘ಪ್ರವಾಹ’ವನ್ನು ಕರಡಿನಲ್ಲಿ ಇನ್ನೊಂದು ಕಡೆ, ಸೂಜಿ ಕೂರದೆ ಕಾರ್ಬ್ಯುರೇಟರಿನ ಬಟ್ಟಲು ತುಂಬಿ ಪೆಟ್ರೋಲ್ ಹೊರಚೆಲ್ಲುವ ದೋಷಕ್ಕೂ ಬಳಸಿದ್ದಾರೆ. ಸಹಜ ಹರಿವಿಗೂ ದೋಷಕ್ಕೂ ಒಂದೇ ಪದವಿದ್ದರೆ ಹುಡುಗರು ಏನು ಮಾಡಬೇಕು? ಎರಡನೆಯದಕ್ಕೆ ‘ಪೆಟ್ರೋಲ್ ಉಕ್ಕುವುದು’ ಎನ್ನಿ. ಆಗ ಪ್ಲಗ್ ಬಿಚ್ಚಿದರೆ ಒದ್ದೆಯಾಗಿರುತ್ತದೆ, ಮುಟ್ಟದಿದ್ದಾಗ ಒಣಗಿರುತ್ತದೆ.

ಅಡ್ಡಿಗೆ ‘ಚೋಕ್ ಆಗಿದೆ’ ಎಂದು ಬರೆಯಬೇಡಿ, ಅದು ಗ್ಯಾರೇಜಿನ ರೂಢಿಯೇ ಆಗಿದ್ದರೂ ಬೇಡ. ಏಕೆಂದರೆ ಕಾರ್ಬ್ಯುರೇಟರಿನಲ್ಲಿಯೇ ಚೋಕ್ ಎಂಬ ಬೇರೊಂದು ಭಾಗವಿದ್ದು, ಚಳಿಯಲ್ಲಿ ಗಾಡಿ ಚಾಲೂ ಮಾಡುವಾಗ ಅದನ್ನು ಎಳೆಯುತ್ತೇವೆ. ಮೂಗು ಕಟ್ಟುತ್ತದೆ, ಗಂಟಲು ಕಟ್ಟುತ್ತದೆ, ಜೆಟ್ಟೂ ಕಟ್ಟಲಿ. ಟಾಕಿಯ ಮುಚ್ಚಳದ ಗಾಳಿರಂಧ್ರಕ್ಕೂ ಇದೇ ಕ್ರಿಯಾಪದ ಸಾಕು. ಆ ರಂಧ್ರ ಕಟ್ಟಿದರೆ, ಪೆಟ್ರೋಲ್ ಖಾಲಿಯಾದಂತೆ ಟಾಕಿಯೊಳಗೆ ಗಾಳಿ ಹೋಗದೆ, ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ; ಮುಚ್ಚಳ ತೆಗೆದಾಗ ಸುಸ್ಸೆಂದು ಗಾಳಿ ಒಳಗೆ ಹೋದ ಸಪ್ಪಳ ಕೇಳಿ, ಗಾಡಿ ಮತ್ತೆ ಚಾಲೂ ಆಗುತ್ತದೆ. ಬಹಳ ಜನ ಪಂಪನ್ನೇ ಬದಲಾಯಿಸಿದ ಮೇಲೆ ಇದನ್ನು ನೋಡುತ್ತಾರೆ, ಆದ್ದರಿಂದ ಪಟದಲ್ಲಿ ಇದು ಮೊದಲು ಬರಬೇಕು.

‘ಸೋರಿಕೆ’ಯ ಬಗ್ಗೆ ಯಾರೂ ತಕರಾರು ತೆಗೆದಿಲ್ಲ, ನನಗೆ ಅತಿ ಹೆಚ್ಚು ತಕರಾರು ಇರುವುದು ಅದರ ಮೇಲೆಯೇ. ಸೋರುವುದು ಎಂದರೆ ಒಳಗಿನದು ಹೊರಗೆ ಬರುವುದು. ಪಂಪಿನಿಂದ ಮುಂದಕ್ಕೆ ಈ ಮಾತು ನಡೆಯುತ್ತದೆ, ಅಲ್ಲಿ ಒದ್ದೆ ಕಾಣುತ್ತದೆ. ಟಾಕಿಗೂ ಪಂಪಿಗೂ ನಡುವಿನ ಪೈಪಿನಲ್ಲಿ ಪಂಪ್ ಹೀರುತ್ತಿರುವುದರಿಂದ, ಬಿರುಕು ಬಿಟ್ಟರೆ ಹನಿಯೂ ಹೊರಗೆ ಬಾರದೆ ಗಾಳಿ ಒಳಗೆ ಹೋಗಬಹುದು. ಮೇಲ್ಭಾಗದಲ್ಲಿ ತೂತು ಬಿದ್ದ ನಳಿಕೆಯಿಂದ ಎಳನೀರು ಕುಡಿಯಲು ಹೋದರೆ ಬಾಯಿಗೆ ಗಾಳಿಯೇ ಬರುವಂತೆ. ‘ಸೋರಿಕೆ ಇದೆಯೇ ನೋಡಿ’ ಎಂದು ಓದಿದ ಹುಡುಗ ಪೈಪಿನ ಕೆಳಗೆ ಕೈ ಆಡಿಸಿ, ಒಣಗಿದೆ ಎಂದು ಮುಂದೆ ಹೋಗಿಬಿಡುತ್ತಾನೆ, ದೋಷ ಅಲ್ಲಿಯೇ ಉಳಿಯುತ್ತದೆ. ಅಲ್ಲಿ ‘ಗಾಳಿ ಎಳೆಯುತ್ತಿದೆಯೇ ನೋಡಿ’ ಎಂದೇ ಬರೆಯಬೇಕು. ಪದ ಉದ್ದವಾಯಿತು ಎಂಬ ದೂರನ್ನು ನಾನು ಕೇಳುವುದಿಲ್ಲ.

ಹಾಗೆಯೇ ‘ಏರ್ ಲಾಕ್’ ಎಂಬ ಒಂದೇ ಹೆಸರಿನಲ್ಲಿ ಎರಡು ದೋಷಗಳು ಅಡಗಿವೆ. ಡೀಸೆಲ್ ಟ್ರ್ಯಾಕ್ಟರಿನ ಟಾಕಿ ಖಾಲಿಯಾಗಿ ಪೈಪಿನಲ್ಲಿ ಸೇರುವುದು ಹೊರಗಿನ ಗಾಳಿ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತುತ್ತ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಅದನ್ನು ತೆಗೆಯಬೇಕು. ಇದು ‘ಗಾಳಿ ಹಿಡಿದಿದೆ’. ಬೇಸಿಗೆಯ ಮಧ್ಯಾಹ್ನ ಹುಬ್ಬಳ್ಳಿಯಿಂದ ಗದಗಿಗೆ ಹೊರಟ ಅಂಬಾಸಿಡರ್ ಅಣ್ಣಿಗೇರಿಯ ಹತ್ತಿರ ನಿಂತು, ಅರ್ಧ ತಾಸು ತಣಿದ ಮೇಲೆ ತಾನಾಗಿ ಚಾಲೂ ಆದರೆ, ಇಂಜಿನ್ನಿನ ಕಾವಿಗೆ ಪೆಟ್ರೋಲೇ ಪೈಪಿನೊಳಗೆ ಕುದಿದು ಆವಿಯಾಗಿರುವ ಸಾಧ್ಯತೆ ಹೆಚ್ಚು. ಅದನ್ನು ‘ಆವಿ ಹಿಡಿದಿದೆ’ ಎಂದು ಬೇರೆ ಮಾಡಿ ಬರೆಯಿರಿ. ಇದಕ್ಕೆ ಮದ್ದು ಪಂಪಿನ ಮೇಲೆ ಹಾಕುವ ಒದ್ದೆ ಬಟ್ಟೆ.

ಇನ್ನು ‘ಕಚರಾ’. ಅದು ಮರಾಠಿಯಿಂದ ಬಂದದ್ದು, ‘ಕಸ’ ಎನ್ನಬೇಕು ಎಂದು ಒಬ್ಬರು ಅಪ್ಪಣೆ ಕೊಡಿಸಿದ್ದಾರೆ. ಈ ಭಾಗ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಕಚರಾ, ಟಾಕಿ, ಚಾಲೂ, ಬಂದ್ ಎಂಬವನ್ನು ಇಲ್ಲಿನ ಕೆಲಸಗಾರರು ತಲೆಮಾರುಗಳಿಂದ ಆಡಿ, ಅವಕ್ಕೆ ಕನ್ನಡದ ವಿಭಕ್ತಿ ಹಚ್ಚಿ, ತಮ್ಮವನ್ನಾಗಿ ಮಾಡಿಕೊಂಡಿದ್ದಾರೆ. ಕಾರ್ಬ್ಯುರೇಟರನ್ನೂ ಡಯಾಫ್ರಾಮನ್ನೂ ಚಕಾರವೆತ್ತದೆ ಒಳಗೆ ಬಿಟ್ಟುಕೊಂಡು, ನೆರೆಮನೆಯ ಕಚರಾವನ್ನು ಮಾತ್ರ ಬಾಗಿಲಲ್ಲಿ ತಡೆಯುವ ನಿಯಮ ಯಾವ ವ್ಯಾಕರಣದ್ದು? ಕಸ ಅಂಗಳದಲ್ಲಿ ಬೀಳುತ್ತದೆ. ಟಾಕಿಯ ತಳದಲ್ಲಿ ಕೂತು ಫಿಲ್ಟರಿಗೆ ಬರುವ ತುಕ್ಕಿನ ಪುಡಿಗೆ ಇಲ್ಲಿ ಕಚರಾ ಎಂದೇ ಹೆಸರು. ಪಟ ಮೈಸೂರಿನ ಗೋಡೆಗೆ ಹೋಗುವುದಾದರೆ ಬೇರೆ ವಿಚಾರ ಮಾಡೋಣ.

ಕೊನೆಯದು ‘ರಬ್ಬರ್ ಕೊಳವೆಗಳ ಅವನತಿ’. ಸಾಮ್ರಾಜ್ಯಗಳಿಗೆ ಸಲ್ಲುವ ಪದವನ್ನು ಪೈಪಿಗೆ ತರುವ ಅಗತ್ಯವಿಲ್ಲ. ಆದರೆ ಈ ಸಾಲು ಬಹಳ ಮುಖ್ಯವಾದದ್ದು, ಏಕೆಂದರೆ ಈಗ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆಯುತ್ತಿದೆ ಮತ್ತು ಅಂಬಾಸಿಡರ್, ಪದ್ಮಿನಿಗಳ ಕಾಲದ ರಬ್ಬರ್ ಹಾಗೂ ಡಯಾಫ್ರಾಮ್‌ಗಳನ್ನು ಅಂಥ ಮಿಶ್ರಣಕ್ಕಾಗಿ ಮಾಡಿರಲಿಲ್ಲ. ಅವು ಉಬ್ಬುತ್ತವೆ, ಮೆತ್ತಗಾಗುತ್ತವೆ, ಬಿರಿಯುತ್ತವೆ. ಎಥೆನಾಲ್ ನೀರನ್ನು ಹೀರಿಕೊಳ್ಳುವುದರಿಂದ, ಬಹಳ ದಿನ ನಿಂತ ಗಾಡಿಯ ಟಾಕಿಗೆ ತುಕ್ಕೂ ಬೇಗ ಹಿಡಿಯುತ್ತದೆ. ಆ ಸಾಲನ್ನು ಹೀಗೆ ಅಚ್ಚು ಮಾಡಿಸಿ: ‘ರಬ್ಬರ್ ಪೈಪ್ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಪದರು ಬಿಟ್ಟು ದಾರಿ ಕಟ್ಟಿರಬಹುದು, ಹೊಸ ಪೈಪ್ ಹಾಕಿ ನೋಡಿ.’

ನಮಸ್ಕಾರಗಳು.